ಅಳತಿ ಪುಸ್ತಕದ ಹಿಂದಿನ ಹಾಳ್ಯಾಗ ಮುಟ್ಟಿನ ಲೆಕ್ಕ ಬರಿಯೂದು ಹೆಂಗ

ಬೆಟಗೇರಿಯೊಳಗ 26 ವರ್ಷದಿಂದ ಕುಬಸ ಹೊಲಿಯಾಕತ್ತೀನಿ. ಟೇಪು ಹಿಡಕೊಂಡು ನಿಂತೆ ಅಂದ್ರ ಹೆಣ್ಮಕ್ಕಳು ಗಂಡಗ ಹೇಳದ ಮಾತೂ ನನಗ ಹೇಳ್ತಾರ. "ಅಕ್ಕಾ, ಹೋದ ದೀಪಾವಳಿಗೆ 34 ಇತ್ತು, ಈಗ ಹೆಂಗ 38 ಆತು?" ಅಂತಾರ. ತಾರೀಖು ಸಹಿತ ಬರದಿಟ್ಟಿರತೀನಿ, ತಗದು ತೋರಸ್ತೀನಿ. ಮುಟ್ಟು ಯಾವಾಗ ಆಗಿತ್ತವಾ ಅಂತ ತಿರುಗಿ ಕೇಳಿದ್ರ, "ಹದಿನೈದಿಪ್ಪತ್ತು ದಿನ ಆಗಿರಬೇಕ್ರಿ." ತೋಳಿನ ಸುತ್ತಳತಿ ಕಾಲು ಇಂಚು ಹೆಚ್ಚುಕಡಿಮಿ ಆದ್ರ ಜಗಳಕ್ಕ ಬರೂ ಮಂದಿ ಇವರು!

ನಂದೂ ಹಂಗ ಇತ್ತು. 46ನೇ ವಯಸ್ಸಿನ್ಯಾಗ ಮಷಿನ್ ಮುಂದ ಕೂತ್ರ ಕಣ್ಣಿಗೆ ಕತ್ತಲಿ ಬರಾಕತ್ತಿತು, ಗದಗಿನ ದೊಡ್ಡ ದವಾಖಾನಿಗೆ ಹೋದೆ. ಡಾಕ್ಟರ್ ಬಾಯಿ ಮೂರ ಪ್ರಶ್ನಿ ಕೇಳಿದ್ರು: ಕಡೀ ಮುಟ್ಟು ಯಾವ ತಾರೀಖಿಗೆ, ಎಷ್ಟು ದಿನ ಹೋತು, ದಿನಕ್ಕ ಎಷ್ಟು ಪ್ಯಾಡು. ಮೂರಕ್ಕೂ ನಾ ಮಾರಿ ನೋಡಿದೆ. ರಕ್ತ ತಪಾಸ ಮಾಡಿದ್ರ ಹಿಮೋಗ್ಲೋಬಿನ್ 7.6. ಹೆಣ್ಮಕ್ಕಳಿಗೆ 12ರ ಮ್ಯಾಲ ಇರಬೇಕಂತ. ಅವತ್ತ ರಾತ್ರಿ ಅಳತಿ ಪುಸ್ತಕದ ಹಿಂದಿನ ಹಾಳಿಗೆ ಗೆರಿ ಹೊಡದೆ.

ಗ್ವಾಡಿ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲಾ ಇರತಾವು. ಅಲ್ಲೇ ಒಂದು ಚುಕ್ಕಿ ಇಟ್ರೂ ನಡಿತೈತಿ, ಮನ್ಯಾಗ ನಾಚಿಕಿ ಇಲ್ಲಂದ್ರ. ಏನ ಬರೀರಿ, ಒಂದ ನೆಪ್ಪಿರಲಿ: ಎಣಿಸೂದು ಮುಟ್ಟು ಶುರು ಆದ ದಿನದಿಂದ ಮುಂದಿನ ಮುಟ್ಟು ಶುರು ಆದ ದಿನಕ್ಕ. ನಮ್ಮ ಕಡೆ ಬಾಳ ಮಂದಿ ನಿಂತ ದಿನದಿಂದ ಎಣಸ್ತಾರ, 23 ಬರತೈತಿ, ಗಾಬರಿ ಆಗ್ತಾರ. ಮಾರ್ಚ್ 3ಕ್ಕ ಆಗಿ ಮತ್ತ ಮಾರ್ಚ್ 31ಕ್ಕ ಆದ್ರ ಅದು 28 ದಿನ. ಬರೇ ಕಲಿ ಕಂಡ ದಿನ ಲೆಕ್ಕಕ್ಕಿಲ್ಲ, ಸರಿಯಾಗಿ ಹರದ ದಿನಾನ ಒಂದನೇ ದಿನ. ದೊಡ್ಡವರಿಗೆ 21ರಿಂದ 35ರ ಒಳಗ ಯಾವುದಾದ್ರೂ ಸರಿ. "ಪ್ರತಿ ತಿಂಗಳು ನಾಕು ದಿನ ಮುಂಚೇನ ಬರತೈತ್ರಿ" ಅಂತ ಅಳೂ ಹುಡುಗಿಗೆ ಎಣಿಸಿ ನೋಡಿದ್ರ 26 ಇರತೈತಿ. ಅದು ರೋಗ ಅಲ್ಲವಾ, ಕ್ಯಾಲೆಂಡರ್ ತಿಂಗಳು ಉದ್ದ, ನಿನ್ನ ತಿಂಗಳು ಗಿಡ್ಡ, ಅಷ್ಟ.

ತಾರೀಖಿನ ಬಾಜೂಕ ಪ್ಯಾಡಿನ ಸಂಖ್ಯಾ ಹಾಕ್ರಿ. ರಕ್ತ ಗಡ್ಡಿ ಗಡ್ಡಿ ಹೋದ್ರ, ಅದು 10 ರೂಪಾಯಿ ನಾಣ್ಯದಷ್ಟು ಇದ್ರ, ಒಂದು ಸುತ್ತು ಹಾಕ್ರಿ. ತಾಸು ಎರಡ ತಾಸಿಗೆ ಪ್ಯಾಡು ತೊಯ್ದ್ರ ಎರಡು ಗೆರಿ. ಸುತ್ತು, ಗೆರಿ ಕಂಡ್ರ, ಇಲ್ಲಾ 7 ದಿನ ದಾಟಿದ್ರ, ದವಾಖಾನಿ. "ನಮ್ಮವ್ವಗೂ ಹಿಂಗ ಇತ್ತು" ಅನ್ನೂ ಮಾತು ಬ್ಯಾಡ. ನಮ್ಮವ್ವಗೂ ರಕ್ತ ಕಡಿಮಿನ ಇತ್ತು, ಯಾರ ಅಳದಿದ್ರು?

ಗುಳಿಗಿ ತಗೊಂಡದ್ದನ್ನೂ ಬರೀಬೇಕು. ಜಾತ್ರಿ, ಮದವಿ, ಎಲ್ಲಮ್ಮನ ಗುಡ್ಡ ಅಂದ್ರ ಮುಟ್ಟು ಮುಂದ ಹಾಕೂ ಗುಳಿಗಿ ನುಂಗೂದು ನಮ್ಮಲ್ಲಿ ಸುಪಾರಿ ತಿಂದಂಗ ಆಗೇತಿ. ಅದೂ ಹಾರ್ಮೋನ್. ಬಿಟ್ಟ ಎರಡ ಮೂರ ದಿನಕ್ಕ ಮುಟ್ಟು ಬರತೈತಿ, ಅದರ ಮುಂದ "ಗು" ಅಂತ ಬರೀರಿ, ಇಲ್ಲಂದ್ರ ಮುಂದಿನ ಲೆಕ್ಕ ಎಲ್ಲಾ ಕೆಡತೈತಿ. ಕಾಲಾಗ ರಕ್ತ ಹೆಪ್ಪುಗಟ್ಟಿದ್ದವರು ಡಾಕ್ಟರನ್ನ ಕೇಳದ ಮುಟ್ಟಬ್ಯಾಡ್ರಿ ಅದನ್ನ.

ಇನ್ನ ಸಣ್ಣ ಹುಡುಗ್ಯಾರು. ದೊಡ್ಡಾಕಿ ಆದ ಮೊದಲ ಎರಡ ಮೂರ ವರ್ಷ ಹಿಂದ ಮುಂದ ಆಗತೈತಿ, 45 ದಿನದ ತನಕ ನಡಿತೈತಿ. ಮೂರು ತಿಂಗಳು ಬರಲಿಲ್ಲಂದ್ರ ತೋರಸ್ರಿ. 15 ತುಂಬಿದ್ರೂ ದೊಡ್ಡಾಕಿ ಆಗಲಿಲ್ಲಂದ್ರೂ ತೋರಸ್ರಿ. ಶಾಲ್ಯಾಗ ಕೊಡೂ ನೀಲಿ ಕಬ್ಬಿಣಾಂಶದ ಗುಳಿಗಿ ಪಾಟೀಚೀಲದಾಗ ಉಳಸಬ್ಯಾಡ್ರಿ, ಊಟ ಆದ ಮ್ಯಾಲ ಲಿಂಬಿ ಶರಬತ್ ಜೋಡಿ ತಗೋರಿ, ಚಾ ಜೋಡಿ ಅಲ್ಲ.

ನಮ್ಮ ತಂಗಿ ಮಗಳಿಗೆ 17. ಚೂಡಿದಾರಿನ ಕೊಳ್ಳಿನ ಅಳತಿ ತಗೊಳ್ಳಾಕ ಕೂದಲಾ ಸರಿಸಿದೆ, ಕತ್ತಿನ ಹಿಂದ ಕಪ್ಪ ಪಟ್ಟಿ. ಅವರವ್ವ ದಿನಾ ಕಡ್ಲಿಹಿಟ್ಟು ಹಚ್ಚಿ ತಿಕ್ಕತಿದ್ಲು, ಪಾಪ, ಚರ್ಮ ಕಿತ್ತು ಬರೂ ಹಂಗ. ಅದು ಹೊಲಸಲ್ಲ. ಮೈಯಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಾಗ ಹಂಗ ಕಪ್ಪಾಗತೈತಿ. ಲೆಕ್ಕ ತಗಿಸಿದ್ರ ವರ್ಷಕ್ಕ ನಾಕ ಮುಟ್ಟು, ಗದ್ದಕ್ಕ ಕೂದಲಾ ಬ್ಯಾರೆ. ಒಂದು ಕಡೆ ಬರೇ ಸ್ಕ್ಯಾನಿಂಗ್ ಮಾಡಿ "ನೀರಗುಳ್ಳಿ ಅದಾವು, ಮದವಿ ಮಾಡ್ರಿ ಸರಿ ಹೋಗತೈತಿ" ಅಂದು ಕಳಿಸಿದ್ರು. ಇನ್ನೊಂದು ಕಡೆ ಡಾಕ್ಟರ್ ಬಾಯಿ ಆ ಕಾಗದ ಬಾಜೂಕಿಟ್ಟು, ಈ ವಯಸ್ಸಿನ್ಯಾಗ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೂ ತೊಂದರಿ) ಅಂತ ಹೇಳಾಕ ಬರೂದಿಲ್ಲ ಅಂದ್ರು. ಮುಟ್ಟಿನ ಲೆಕ್ಕಾನ ಕೇಳಿದ್ರು, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನೂ ಎದಿಹಾಲಿನ ಹಾರ್ಮೋನ್, ಸಕ್ಕರಿ ನೋಡಿದ್ರು. ತೂಕ 68 ಕಿಲೋ ಇತ್ತು, ನೂರಕ್ಕ ಐದರಷ್ಟು ಇಳಿದ್ರೂ ಫರಕ ಬೀಳತೈತಿ ಅಂದ್ರು. ಅಂದ್ರ ಮೂರೂವರಿ ಕಿಲೋ, ಸಿನೆಮಾದವರಂಗ ಸಣ್ಣ ಆಗೂದಲ್ಲ. ಮುಂಜಾನಿ ಭೀಷ್ಮ ಕೆರಿ ದಂಡಿಗೆ ಅವ್ವ ಮಗಳು ಕೂಡಿ ಅಡ್ಡಾಡಿದ್ರು, ಸಂಜಿ ಮಿರ್ಚಿ ಮಂಡಕ್ಕಿ ವಾರಕ್ಕ ಒಮ್ಮೆ ಆತು. ಮುಂದಿನ ವರ್ಷ ಏಳ ಮುಟ್ಟು ಬರದಾಳ.

ಥೈರಾಯ್ಡ್ ಗುಳಿಗಿ ತಗೊಳ್ಳೂರಿಗೆ ಒಂದ ಮಾತು. ಖಾಲಿ ಹೊಟ್ಟಿಲೆ ನೀರಾಗ ನುಂಗಿ ಅರ್ಧ ತಾಸರ ಬಿಟ್ಟು ಚಾ ಕುಡೀರಿ. ಕಬ್ಬಿಣದ್ದು, ಕ್ಯಾಲ್ಸಿಯಂದು ಇದ್ರ ನಾಕ ತಾಸು ಅಂತರ ಇರಲಿ. ನಮ್ಮ ಓಣ್ಯಾಗ ಮೂರೂ ಒಂದ ಗುಟುಕಿಗೆ ನುಂಗಿ, "ಗುಳಿಗಿ ಹತ್ತವಲ್ಲದು" ಅನ್ನೂರು ಅದಾರ.

ಈಗ ಹೊಟ್ಟಿ ಉರಿಯೂ ಮಾತು. ನಮ್ಮಕ್ಕ ಇರೂದು ಹಾವೇರಿ ಕಡೆ. 36ರಾಗ ಮುಟ್ಟು ಹೆಚ್ಚು ಹೋಗತೈತಿ ಅಂತ ಒಂದು ದವಾಖಾನಿಗೆ ಹೋದ್ಲು. ಒಂದ ಸ್ಕ್ಯಾನಿಂಗ್, "ಗಡ್ಡಿ ಐತಿ, ಬಿಟ್ರ ಕ್ಯಾನ್ಸರ್ ಆಗತೈತಿ" ಅಂದ್ರು, ವಾರದಾಗ ಗರ್ಭಚೀಲ ತಗದ್ರು. ಎರಡೂ ಅಂಡಾಶಯ ಸಹಿತ ತಗದಾರಂತ ನಮಗ ಗೊತ್ತಾಗಿದ್ದು ಮನಿಗೆ ಬಂದು ಕಾಗದ ಓದಿಸಿದಾಗ. ಆ ತಿಂಗಳಿಂದಾನ ಮೈ ಝಳ ಹೊಡಿಯಾಕ ಶುರು ಆತು. 44ಕ್ಕ ಬಚ್ಚಲದಾಗ ಜಾರಿ ಮಣಿಕಟ್ಟು ಮುರೀತು. ಅಂಡಾಶಯ ತಗದ ಮ್ಯಾಲ ಈಸ್ಟ್ರೋಜನ್ ಅನ್ನೂ ಹೆಣ್ಣಿನ ಹಾರ್ಮೋನ್ ಒಮ್ಮೆಲೆ ನಿಲ್ಲತೈತಿ, ಎಲಬು ಸಡ್ಲ ಬೀಳತಾವು. ಅದಕ್ಕ ಯಾರರ "ತಗೀಬೇಕು" ಅಂದ್ರ ಮಂಚ ಹತ್ತೂಕಿಂತ ಮೊದಲ ಕೇಳ್ರಿ: ರೋಗದ ಹೆಸರೇನು, ಕಾಗದದ ಮ್ಯಾಲ ಬರದು ಕೊಡ್ರಿ. ಗುಳಿಗಿ ಕೊಟ್ಟು ನೋಡಿದ್ರೇನು? ಕಾಪರ್-ಟಿ ಹಂಗ ಒಳಗ ಇಡೂ ಹಾರ್ಮೋನಿಂದು ಬರತೈತೆಲ್ಲಾ, ಅದು ನಡಿಯೂದಿಲ್ಲೇನು? ಅಂಡಾಶಯ ಉಳಸ್ತೀರೋ ಇಲ್ಲೋ? ಆಮ್ಯಾಲ ಆ ಕಾಗದ ತಗೊಂಡು ಗದಗ, ಹಾವೇರಿ, ಹುಬ್ಬಳ್ಳಿ ಯಾವುದರ ಸರಕಾರಿ ಮೆಡಿಕಲ್ ಕಾಲೇಜಿನ ದವಾಖಾನ್ಯಾಗ ಇನ್ನೊಬ್ಬರಿಗೆ ತೋರಸ್ರಿ. ಗರ್ಭಚೀಲದಾಗ ಬೆಳಿಯೂ ಫೈಬ್ರಾಯ್ಡ್ ಗಡ್ಡಿ ಕ್ಯಾನ್ಸರ್ ಆಗೂದು ಬಾಳ ಅಪರೂಪ, ಮುಟ್ಟು ನಿಂತ ಮ್ಯಾಲ ಸಣ್ಣಗೂ ಆಗತೈತಿ. ನನಗೂ ಇತ್ತು. ಗುಳಿಗಿ, ಕಬ್ಬಿಣದ ಸಲೈನು, ಅಷ್ಟರಾಗ ಮುಗೀತು, ಗರ್ಭಚೀಲ ನನ್ನ ಹತ್ರಾನ ಐತಿ.

ಮುಟ್ಟು ನಿಲ್ಲೂ ಹೊತ್ತಿಗೆ ಹಾಳಿ ತುಂಬ ಗೀಚು ಆಗತೈತಿ. 20 ದಿನ, 70 ದಿನ, ಮತ್ತ 25. ಇದರಾಗ ಬಸರೂ ಆಗಬಹುದು, ಮೈಮರೀಬ್ಯಾಡ್ರಿ. ಪೂರಾ 12 ತಿಂಗಳು ಬರಲಿಲ್ಲಂದ್ರ ನಿಂತಂಗ. ನನಗ 11ನೇ ತಿಂಗಳಿಗೆ ಬಂದಬಿಟ್ಟಿತು, ಎಲ್ಲಾ ಹೊಡದು ಹಾಕಿ ಒಂದರಿಂದ ಶುರು ಮಾಡಿದೆ. ಆದ್ರ 12 ತುಂಬಿದ ಮ್ಯಾಲ ಒಂದ ಹನಿ ಕಂಡ್ರೂ ಅದು ಮುಟ್ಟಲ್ಲ. ಗಿರಾಕಿಯೊಬ್ಬಾಕಿ ಅತ್ತಿ, 61 ವರ್ಷ, "ನನಗ ಮತ್ತ ಹರೇ ಬಂತು ನೋಡವಾ" ಅಂತ ನಕ್ಕಿದ್ರು. ನಾ ನಗಲಿಲ್ಲ. ಆ ವಾರಾನ ದವಾಖಾನಿಗೆ ಕಳಿಸಿದೆ, ಕ್ಯಾನ್ಸರ್ ಐತೇನಂತ ಗರ್ಭಚೀಲದ ಒಳಗಿನ ಪದರದ ಚೂರು ತಗದು ತಪಾಸ ಮಾಡಿದ್ರು.

ಮುಟ್ಟು ನಿಂತವರ ಎಲಬಿಗೆ ಬರೇ ಜ್ವಾಳದ ರೊಟ್ಟಿ ಸಾಲೂದಿಲ್ಲ. 100 ಗ್ರಾಂ ಜ್ವಾಳದಾಗ ಕ್ಯಾಲ್ಸಿಯಂ 30 ಮಿಲಿಗ್ರಾಮೂ ಇಲ್ಲ, ರಾಗ್ಯಾಗ 300ರ ಮ್ಯಾಲ ಐತಿ. ರಾಗಿ ನಮಗ ಒಗ್ಗೂದಿಲ್ಲಂದ್ರ ಮಸರು, ಸಜ್ಜಿ ರೊಟ್ಟಿ ಮ್ಯಾಲಿನ ಎಳ್ಳು ಬಿಡಬ್ಯಾಡ್ರಿ. ಝಳ ತಡಕೊಳ್ಳಾಕ ಆಗದ, ರಾತ್ರಿ ನಿದ್ದಿ ಇಲ್ಲದ ಇದ್ದವರಿಗೆ ಹಾರ್ಮೋನ್ ಔಷಧಿನೂ ಅದಾವು. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಅದು ಕೊಡೂದಿಲ್ಲ, ಉಳಿದವರು ಕೇಳಾಕ ನಾಚಬ್ಯಾಡ್ರಿ.

ಕುಬಸ ಹೊಲಸೂವಾಗ ಮಾತ್ರ ನನ್ನ ಮಾತು ಕೇಳ್ರಿ: ಪಾಲಿಸ್ಟರ್ ಬ್ಯಾಡ, ಲೈನಿಂಗ್ ಬ್ಯಾಡ, ಬಗಲಾಗ ಅರ್ಧ ಇಂಚು ಸಡ್ಲ, ಹುಕ್ಕು ಮುಂದಿರಲಿ. ಝಳ ಹತ್ತಿದಾಗ ಹಿಂದಿನ ಹುಕ್ಕು ಬಿಚ್ಚಾಕ ಯಾರನ್ನ ಕರೀತೀರಿ?