ಕಡಿಮೆ ಖರ್ಚಿನಲ್ಲಿ ಹಿತ್ತಲ ಕೋಳಿ ಸಾಕಣೆ

ಕೈಯಲ್ಲಿ ಹೆಚ್ಚು ಹಣವಿಲ್ಲದವರು ಹಿತ್ತಲಿನಲ್ಲಿ ಕೋಳಿ ಸಾಕುವಾಗ, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮರಿ ಮತ್ತು ಮೇವಿನ ಖರ್ಚನ್ನು ಬಹಳಷ್ಟು ತಗ್ಗಿಸಬಹುದು. ಲಸಿಕೆ ಮತ್ತು ರಾತ್ರಿಯ ಗೂಡಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು.

ಆರಂಭಕ್ಕೆ ನಾಲ್ಕು ನಾಟಿ ಹೇಂಟೆಗಳು, ಒಂದು ಹುಂಜ ಸಾಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿ ನಾಟಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ, ಬೇಗ ತೂಕವೂ ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲವಾದ್ದರಿಂದ ಪ್ರತಿ ಸಲವೂ ಮರಿ ಕೊಳ್ಳಬೇಕಾಗುತ್ತದೆ. ನಾಟಿ ಹೇಂಟೆಯಾದರೆ 21 ದಿನ ಕಾವು ಕೂತು ತಾನೇ ಮರಿ ಮಾಡಿ ಸಾಕುತ್ತದೆ; ಮರಿಗಳಿಗೆ ಶಾಖ ಕೊಡುವ ಬಲ್ಬಿನ ಖರ್ಚೂ ಇಲ್ಲ. ಒಂದು ವಾರದೊಳಗಿನ ಹತ್ತು ಹನ್ನೆರಡು ಮೊಟ್ಟೆಗಳನ್ನು ಬೂದಿ ಮತ್ತು ಒಣ ಹುಲ್ಲು ಹಾಸಿದ ಮಂಕರಿಯಲ್ಲಿಟ್ಟು ಕಾವಿಗೆ ಕೂರಿಸಬೇಕು. ಎಂಟನೆಯ ದಿನ ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದರೆ, ಒಳಗೆ ಜೇಡನ ಕಾಲುಗಳಂತೆ ಹರಡಿದ ರಕ್ತನಾಳಗಳು ಕಾಣುತ್ತವೆ; ಏನೂ ಕಾಣದೆ ತಿಳಿಯಾಗಿರುವ ಮೊಟ್ಟೆಗಳನ್ನು ತೆಗೆದುಬಿಡಬೇಕು.

ಹಗಲೆಲ್ಲ ಮೇಯುವ ಕೋಳಿಗೆ ಸಂಜೆ ತಲಾ 30ರಿಂದ 50 ಗ್ರಾಂ ರಾಗಿ, ನುಚ್ಚಕ್ಕಿ ಅಥವಾ ಮುಸುಕಿನ ಜೋಳದ ನುಚ್ಚು ಕೊಟ್ಟರೆ ಸಾಕಾಗುತ್ತದೆ, ಸಂಜೆಯ ಈ ಕಾಳಿನ ಆಸೆಗೆ ಅವು ತಾವಾಗಿಯೇ ಮನೆಗೆ ಬರುತ್ತವೆ. ಮರಿಗಳಿಗೆ ಬೇಕಾದ ಪ್ರೋಟೀನನ್ನು ಗೆದ್ದಲಿನಿಂದ ಒದಗಿಸಬಹುದು: ಹಳೆಯ ಮಡಕೆಯಲ್ಲಿ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ಸೇರಿರುತ್ತದೆ. ಮೊಟ್ಟೆಯ ಚಿಪ್ಪನ್ನು ಕಾಯಿಸಿ ಪುಡಿ ಮಾಡಿ ಹಾಕಿದರೆ ಸುಣ್ಣದ ಅಂಶ ಸಿಗುತ್ತದೆ. ಬೂಷ್ಟು ಹಿಡಿದ ಕಾಳನ್ನಾಗಲಿ ಶೇಂಗಾ ಹಿಂಡಿಯನ್ನಾಗಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಹಾಕಬಾರದು, ಅದು ವಿಷ.

ಕೊಕ್ಕರೆ ರೋಗ (ರಾಣಿಖೇತ್) ಬಂತೆಂದರೆ ಕೆಲವೇ ದಿನಗಳಲ್ಲಿ ಗೂಡು ಖಾಲಿಯಾಗುತ್ತದೆ, ಅದಕ್ಕೆ ಔಷಧಿಯಿಲ್ಲ. ಅದು ಬರದಂತೆ ತಡೆಯಲು ಮರಿಗೆ ಐದರಿಂದ ಏಳು ದಿನವಾದಾಗ ಲಾಸೋಟಾ ಎಂಬ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಹಾಕಬೇಕು. ಎಂಟು ವಾರದ ಹೊತ್ತಿಗೆ ಅದೇ ರೋಗಕ್ಕೆ ಆರ್‌2ಬಿ ಎಂಬ ಲಸಿಕೆಯ ಚುಚ್ಚುಮದ್ದು ಹಾಕಿಸಬೇಕು. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಕೇರಿಯವರೆಲ್ಲ ಸೇರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಒಂದೇ ದಿನ ಎಲ್ಲರ ಕೋಳಿಗಳಿಗೂ ಹಾಕಿಸುವುದು ಒಳ್ಳೆಯದು. ತರುವಾಗ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಇರಲೇಬೇಕು.

ಗೂಡಿಗೆ ಹಳೆಯ ಹಲಗೆ, ಬಿದಿರು, ಹೆಂಚು ಸಾಕು, ಆದರೆ ನೆಲದಿಂದ ಎರಡಡಿ ಎತ್ತರದಲ್ಲಿರಬೇಕು, ಮುಂಗುಸಿ ತೂರದಷ್ಟು ಸಣ್ಣ ಕಣ್ಣಿನ ಗಟ್ಟಿ ಜಾಲರಿಯನ್ನು ಹೊಸದಾಗಿಯೇ ಕೊಳ್ಳಬೇಕು. ಸಂತೆಯಿಂದ ತಂದ ಕೋಳಿಯನ್ನು ಎಷ್ಟೇ ಚೆನ್ನಾಗಿ ಕಂಡರೂ ಎರಡು ವಾರ ಬೇರೆಯೇ ಇಟ್ಟು, ಅದರ ಹಿಕ್ಕೆ ಮತ್ತು ಉಸಿರಾಟವನ್ನು ಗಮನಿಸಿದ ನಂತರವೇ ಉಳಿದವುಗಳ ಜೊತೆ ಬಿಡಬೇಕು.