ಡ್ರ್ಯಾಗನ್ ಆಡ್ತೀರಾ? ಆನೆ ಕೊಡಲು ರೆಡಿ ಇರಿ

ಕಪ್ಪು ಕಾಯಿ ಬಂದರೆ ಡ್ರಾ ಆದರೂ ಸಾಕು ಅನ್ನುವವರು ಇದರ ತಂಟೆಗೆ ಬರಬೇಡಿ. ಸಿಸಿಲಿಯನ್ ಡ್ರ್ಯಾಗನ್ ಅನ್ನುವ ಈ ಚೆಸ್ ಓಪನಿಂಗ್ (ಆಟದ ಶುರುವಿನ ನಡೆಗಳು) ಇರುವುದು ಗೆಲ್ಲಲೇಬೇಕು ಅನ್ನುವವರಿಗೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಹೊರಗೆ ಕ್ರಿಕೆಟ್ ಆಡಲಾಗದೆ ನಮ್ಮ ಪಡಸಾಲೆಗೆ ಬರುವ ಓಣಿ ಹುಡುಗರಿಗೆ ನಾನು ಕಲಿಸುವುದು ಇದನ್ನೇ.

ಬೋರ್ಡ್ ಮುಂದಿಟ್ಟುಕೊಳ್ಳಿ. ಇ4 ಅಂದರೆ ಇ ಸಾಲಿನ ನಾಲ್ಕನೇ ಮನೆ; ಕಾಯಿಯ ಹೆಸರು ಹೇಳದಿದ್ದರೆ ನಡೆ ಪ್ಯಾದೆಯದು. ಬಿಳಿ ಇ4, ನೀವು ಸಿ5. ಕುದುರೆ ಎಫ್3, ನೀವು ಡಿ6. ಅವರು ಡಿ4 ಅಂದರೆ ಹೊಡೆಯಿರಿ, ಅವರ ಕುದುರೆ ತಿರುಗಿ ಹೊಡೆಯುತ್ತದೆ. ನಿಮ್ಮ ಕುದುರೆ ಎಫ್6, ಅವರ ಇನ್ನೊಂದು ಕುದುರೆ ಸಿ3. ಈಗ ಜಿ6.

ಬಿಳಿ ಒಂಟೆ ಇ3ಕ್ಕೆ ಬಂತೋ ಇಲ್ಲವೋ, "ಕಾಕಾ, ಕುದುರಿ ಜಿ4ಕ್ಕ ಹಾರಸ್ಲೇನು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡಪ್ಪಾ! ಬಿಳಿಯ ಇನ್ನೊಂದು ಒಂಟೆ ಬಿ5ರಿಂದ ಚೆಕ್ ಕೊಡುತ್ತದೆ. ಡಿ7ಕ್ಕೆ ನಿಮ್ಮ ಒಂಟೆ ಅಡ್ಡ ತಂದರೆ ಅದು ಪಿನ್ ಆಗುತ್ತದೆ, ಅಂದರೆ ರಾಜನಿಗೆ ಅಡ್ಡ ನಿಂತ ಸಾಲು ಬಿಟ್ಟು ಸರಿಯುವಂತಿಲ್ಲ; ಆಗ ಬಿಳಿ ರಾಣಿ ಬಂದು ಜಿ4 ಕುದುರೆಯನ್ನು ಪುಕ್ಕಟೆ ತಿನ್ನುತ್ತಾಳೆ. ಸುಮ್ನೆ ಒಂಟೆಯನ್ನು ಜಿ7ಕ್ಕೆ ಇಡಿ, ಕ್ಯಾಸ್ಲಿಂಗ್ ಮಾಡಿ (ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸಿ), ಕುದುರೆ ಸಿ6ಕ್ಕೆ ತನ್ನಿ.

ಬಿಳಿ ಎಫ್3, ರಾಣಿ ಡಿ2 ಆಡಿದರೆ ಅದು ಯುಗೋಸ್ಲಾವ್ ಅಟ್ಯಾಕ್. ಅವರ ರಾಜ ಕ್ಯಾಸ್ಲಿಂಗ್ ಮಾಡಿ ರಾಣಿ ಇದ್ದ ಬದಿಗೆ ಹೋಗುತ್ತಾನೆ, ಎಚ್ ಸಾಲಿನ ಪ್ಯಾದೆ ನಿಮ್ಮ ರಾಜನ ಮೇಲೆ ಬರುತ್ತದೆ. ಅವರು ಒಂಟೆ ಸಿ4ಕ್ಕೆ ತರದೆ ಗಡಿಬಿಡಿಯಲ್ಲಿ ಕ್ಯಾಸ್ಲಿಂಗ್ ಮಾಡಿದರೆ ತಕ್ಷಣ ಡಿ5 ತಳ್ಳಿ. ಸಿ4ಕ್ಕೆ ತಂದಿದ್ದರೆ ನಿಮ್ಮ ಒಂಟೆ ಡಿ7, ಆನೆ ಸಿ8, ಕುದುರೆ ಇ5. ಅವರ ಎಚ್4ಕ್ಕೆ ನಿಮ್ಮ ಎಚ್5. ಎಚ್ ಸಾಲು ತೆರೆಯಲು ಅವರು ಜಿ4 ತಳ್ಳಬೇಕು, ಅಷ್ಟರಲ್ಲಿ ನಿಮಗೆ ಟೈಮ್ ಸಿಗುತ್ತದೆ.

ಹುಡುಗರ ಕೈ ನಡುಗುವುದು ಇನ್ನು ಮುಂದೆ. ಸಿ8ರ ಆನೆಯಿಂದ ಸಿ3ರ ಕುದುರೆ ಹೊಡೆಯಬೇಕು. ಐದು ಪಾಯಿಂಟಿನ ಆನೆ ಕೊಟ್ಟು ಮೂರರ ಕುದುರೆ! ಆದರೆ ಬಿ2 ಪ್ಯಾದೆ ತಿರುಗಿ ಹೊಡೆದ ಮೇಲೆ ಅವರ ರಾಜನ ಮುಂದೆ ನೋಡಿ. ಪ್ಯಾದೆಗಳ ಗೋಡೆ ಒಡೆದಿದೆ. ಇ4 ಪ್ಯಾದೆ ಕಾಯುತ್ತಿದ್ದ ಕುದುರೆಯೂ ಇಲ್ಲ. ನಿಮ್ಮ ರಾಣಿ ಎ5ಕ್ಕೆ ಬಂದರೆ ಅವರಿಗೆ ನಿದ್ದೆ ಬರಲ್ಲ. ಹಾಗಂತ ಸಿಕ್ಕಾಗೆಲ್ಲ ಆನೆ ಕೊಡಬೇಡಿ. ರಾಣಿ, ಎರಡನೇ ಆನೆ ದಾಳಿಗೆ ಸೇರುವಂತಿದ್ದರೆ ಮಾತ್ರ.

1995ರಲ್ಲಿ ನ್ಯೂಯಾರ್ಕಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಷ್ಯಾದ ಕಾಸ್ಪರೋವ್ ನಮ್ಮ ವಿಶ್ವನಾಥನ್ ಆನಂದ್ ಮೇಲೆ 11 ಮತ್ತು 13ನೇ ಆಟ ಗೆದ್ದದ್ದು ಡ್ರ್ಯಾಗನ್‌ನಿಂದಲೇ. ಎರಡನ್ನೂ ಬೋರ್ಡಿನ ಮೇಲೆ ಆಡಿ ನೋಡಿ.

ಎದುರಾಳಿ ಎರಡನೇ ನಡೆಗೇ ಸಿ3 ಆಡಿದರೆ ಡ್ರ್ಯಾಗನ್ ಬರುವುದೇ ಇಲ್ಲ. ನಮ್ಮೂರ ಹಿರಿಯರಿಗೆ ಈ ಚಟ ಜಾಸ್ತಿ. ಆಗ ಡಿ5 ತಳ್ಳಿ. ಅವರು ಹೊಡೆದರೆ ರಾಣಿಯಿಂದಲೇ ಹೊಡೆಯಿರಿ. ಸಿ3ರಲ್ಲಿ ಅವರದೇ ಪ್ಯಾದೆ ಕೂತಿದೆ, ರಾಣಿಯನ್ನು ಓಡಿಸಲು ಕುದುರೆ ಅಲ್ಲಿಗೆ ಬರಲಾಗದು.