ಫೈಟರ್‌ಗೆ ಎರಡನೇ ಕ್ಲಾಸ್ ಸೇರಿಸುವವರೇ, ಐದನೇ ಲೆವೆಲ್ ತನಕ ತಡೆಯಿರಿ

ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ನನ್ನ ಫೈಟರ್ ಯಾಕೋ ಬರೀ ಒದೆ ತಿಂತಾನೆ" ಎಂದ. ಭಾನುವಾರ ಅವನ ಮನೆಗೆ ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಆಟ ಬಾಲ್ಡರ್ಸ್ ಗೇಟ್ 3, ಸರದಿ ಪ್ರಕಾರ ದಾಳ ಉರುಳಿಸಿ ಕಾದಾಡುವ ವಿಡಿಯೋ ಗೇಮ್. ಫೈಟರ್, ಬಾರ್ಬೇರಿಯನ್ ಅನ್ನುವುದು ಅದರಲ್ಲಿ ಪಾತ್ರದ ಕ್ಲಾಸ್, ಅಂದರೆ ವೃತ್ತಿ. ನೆಲದಡಿಯ ಅಂಡರ್‌ಡಾರ್ಕ್‌ನಲ್ಲಿ ಗೂಳಿತಲೆಯ ಮಿನಟೋರ್‌ಗಳು ಹಾರಿ ಬಂದು ಅವನ ಪಾತ್ರವನ್ನು ಕೆಡವುತ್ತಿದ್ದವು. ಲೆವೆಲ್ 6. ಅದರಲ್ಲಿ ಮೂರು ಫೈಟರ್, ಮೂರು ಬಾರ್ಬೇರಿಯನ್. ಒಂದು ಆಕ್ಷನ್‌ಗೆ (ಸರದಿಯ ಮುಖ್ಯ ಕೆಲಸಕ್ಕೆ) ಒಂದೇ ಏಟು, ಒಂದು ಫೀಟ್ (ನಾವೇ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಕೂಡ ಇಲ್ಲ. ಇದೇ ತಪ್ಪನ್ನು ನಾನು ಇನ್ನೂ ಮೂರು ಜನರ ಸೇವ್‌ನಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಲ್ಟಿಕ್ಲಾಸ್ ಅಂದರೆ ಕಷ್ಟದ ವಿಷಯವಲ್ಲ. ಲೆವೆಲ್ ಏರಿದಾಗ ಹಳೇ ಕ್ಲಾಸಿನಲ್ಲೇ ಮುಂದುವರಿಯುವ ಬದಲು ಬೇರೆ ಕ್ಲಾಸಿನ ಮೊದಲ ಲೆವೆಲ್ ತೆಗೆದುಕೊಳ್ಳುತ್ತೀರಿ, ಅಷ್ಟೇ. ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ತಂದ ಈ ಆಟದಲ್ಲಿ 12 ಕ್ಲಾಸ್‌ಗಳಿವೆ, ಪಾತ್ರ ಏರಬಹುದಾದದ್ದು 12ನೇ ಲೆವೆಲ್ ತನಕ. ಅಂದರೆ ನಿಮ್ಮ ಕೈಯಲ್ಲಿರುವುದು ಹನ್ನೆರಡೇ ಮೆಟ್ಟಿಲು. ಸುಮ್ನೆ ಒಂದನ್ನೂ ಕಳೆಯಬಾರದು.

ನಾನು ಹೇಳಿಕೊಡುವುದು ಫೈಟರ್ 8, ಬಾರ್ಬೇರಿಯನ್ 4. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ, ಮುಂದೆ ನಿಂತು ಹೊಡೆಯುವ ಪಾತ್ರ. ಬೇರೆ ಜೋಡಿಗಳೂ ಇವೆ. ಆದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಹಂತ 1: ಪಾಯಿಂಟ್ ಹಂಚುವುದು

ಸ್ಟ್ರೆಂತ್ (ಬಲ) 17, ಡೆಕ್ಸ್‌ಟೆರಿಟಿ (ಚುರುಕು) 14, ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 16, ವಿಸ್ಡಮ್ 10, ಉಳಿದೆರಡು 8. ಆಟ ಕೊಡುವ 27 ಪಾಯಿಂಟ್ ಜೊತೆಗೆ, ಮೇಲಿಂದ ಕೊಡುವ 2ನ್ನು ಸ್ಟ್ರೆಂತ್‌ಗೆ, 1ನ್ನು ಕಾನ್‌ಸ್ಟಿಟ್ಯೂಷನ್‌ಗೆ ಸೇರಿಸಿದರೆ ಇದು ಸರಿಯಾಗಿ ಕೂರುತ್ತದೆ. ಡೆಕ್ಸ್‌ಟೆರಿಟಿ 14 ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 2: ಮೊದಲ ಐದು ಲೆವೆಲ್ ಬರೀ ಫೈಟರ್

ಎಲ್ಲರೂ ಎಡವುವುದು ಇಲ್ಲೇ. ಫೀಟ್ ಬರುವುದು ಪಾತ್ರದ ಒಟ್ಟು ಲೆವೆಲ್ ನೋಡಿ ಅಲ್ಲ, ಆಯಾ ಕ್ಲಾಸಿನ ಲೆವೆಲ್ ನೋಡಿ. ಫೈಟರ್‌ನಲ್ಲಿ 4 ಮುಟ್ಟಿದರೆ ಒಂದು ಫೀಟ್. ಬಾರ್ಬೇರಿಯನ್‌ನಲ್ಲಿ 4 ಮುಟ್ಟಿದರೆ ಇನ್ನೊಂದು. ಮೂರು ಮೂರು ಹಂಚಿಕೊಂಡರೆ ಎರಡೂ ಕಡೆ ಬಾಗಿಲ ತನಕ ಹೋಗಿ ವಾಪಸ್ ಬಂದ ಹಾಗೆ. ಒಂದೇ ಆಕ್ಷನ್‌ನಲ್ಲಿ ಎರಡು ಏಟು ಕೊಡುವ ಎಕ್ಸ್‌ಟ್ರಾ ಅಟ್ಯಾಕ್ ಕೂಡ ಹಾಗೇ, ಅದು ಬರುವುದು ಕ್ಲಾಸಿನ ಐದನೇ ಲೆವೆಲ್‌ನಲ್ಲಿ. ನೀವು ಐದನೇ ಲೆವೆಲ್ ಮುಟ್ಟುವ ಹೊತ್ತಿಗೆ ಎದುರಾಳಿಗಳೂ ಗಟ್ಟಿಯಾಗಿರುತ್ತಾರೆ, ಆಗ ಒಂದೇ ಏಟಿನಲ್ಲಿ ಕಾಲ ಹಾಕಿದರೆ ಇಡೀ ತಂಡ ನರಳುತ್ತದೆ.

ಹಾಗಾಗಿ 1ರಿಂದ 5 ಫೈಟರ್. ಶುರುವಿನಲ್ಲೇ ಗ್ರೇಟ್ ವೆಪನ್ ಫೈಟಿಂಗ್ ಎಂಬ ಹೋರಾಟದ ಶೈಲಿ ಆರಿಸಿ. ಎರಡರಲ್ಲಿ ಆಕ್ಷನ್ ಸರ್ಜ್, ಅಂದರೆ ಅದೇ ಸರದಿಯಲ್ಲಿ ಇನ್ನೊಂದು ಆಕ್ಷನ್, ತಾನಾಗಿ ಬರುತ್ತದೆ. ಮೂರರಲ್ಲಿ ಉಪಕ್ಲಾಸ್ ಆರಿಸಬೇಕು, ಬ್ಯಾಟಲ್ ಮಾಸ್ಟರ್ ತೆಗೆದುಕೊಳ್ಳಿ, ಬೇರೆ ಯಾವುದೂ ಬೇಡ. ಮಂತ್ರವನ್ನೂ ಹಾಕುವ ಎಲ್ಡ್ರಿಚ್ ನೈಟ್ ಚೆಂದ ಕಾಣುತ್ತದೆ, ನಿಜ. ಆದರೆ ಬಾರ್ಬೇರಿಯನ್‌ನ ಆವೇಶ, ಅಂದರೆ ರೇಜ್‌ನಲ್ಲಿದ್ದಾಗ ಮಂತ್ರ ಹಾಕುವಂತಿಲ್ಲ, ಆಗ ಅದನ್ನು ಕಲಿತು ಏನು ಬಂತು? ಎದುರಾಳಿಯನ್ನು ನೆಲಕ್ಕೆ ಉರುಳಿಸುವ ಬ್ಯಾಟಲ್ ಮಾಸ್ಟರ್‌ನ ಟ್ರಿಪ್ ಅಟ್ಯಾಕ್ ಮರೆಯಬೇಡಿ. ನಾಲ್ಕರಲ್ಲಿ ಗ್ರೇಟ್ ವೆಪನ್ ಮಾಸ್ಟರ್ ಫೀಟ್.

ಈ ಫೀಟ್ ಬಗ್ಗೆ ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ಬಾರ್ಬೇರಿಯನ್ ಬೇಕಾಗುವುದೇ ಇದಕ್ಕಾಗಿ. ಏಟು ತಗಲುತ್ತದಾ ಅಂತ ನೋಡಲು 20 ಮುಖದ ದಾಳ ಉರುಳುತ್ತದೆ, ಐದನೇ ಲೆವೆಲ್‌ನಲ್ಲಿ ಅದಕ್ಕೆ ನಿಮ್ಮಿಂದ ಸೇರುವ ಅಂಕ ಒಟ್ಟು 6. ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ಮುಟ್ಟಬೇಕಾದ ಅಂಕ, 16 ಅಂದುಕೊಳ್ಳಿ. ಆಗ ಏಟು ತಗಲುವುದು 100ಕ್ಕೆ 55 ಸಲ. ಹೋರಾಟದ ಶೈಲಿಯ ಲಾಭ ಬಿಟ್ಟರೆ, ಸಾಧಾರಣ ಗ್ರೇಟ್‌ಸ್ವರ್ಡ್‌ನಲ್ಲಿ ಸರಾಸರಿ 10 ಡ್ಯಾಮೇಜ್ (ಹಾನಿ). ಫೀಟ್ ಆನ್ ಮಾಡಿದರೆ ಡ್ಯಾಮೇಜ್ 20ಕ್ಕೆ ಏರುತ್ತದೆ, ಆದರೆ ಗುರಿಯಲ್ಲಿ 5 ಕಳೆಯುತ್ತದೆ. ತಗಲುವುದು 100ಕ್ಕೆ 30 ಸಲ ಮಾತ್ರ. ಗುಣಿಸಿ ನೋಡಿ: ಮೊದಲಿನದು ಏಟಿಗೆ ಐದೂವರೆ, ಎರಡನೆಯದು ಆರು. ಇಷ್ಟಕ್ಕಾಗಿ ಅಷ್ಟೊಂದು ಏಟು ಗಾಳಿಗೆ ಬೀಸಬೇಕಾ? ಈಗ ಬಾರ್ಬೇರಿಯನ್ ಎರಡನೇ ಲೆವೆಲ್‌ನ ರೆಕ್‌ಲೆಸ್ ಅಟ್ಯಾಕ್ ಸೇರಿಸಿ. ದಾಳ ಎರಡು ಸಲ ಬೀಳುತ್ತದೆ, ದೊಡ್ಡದು ನಿಮ್ಮದು. 30 ಇದ್ದದ್ದು 51 ಆಗುತ್ತದೆ. ಏಟಿಗೆ ಹತ್ತರ ಮೇಲೆ! ಹತ್ತಿರ ಹತ್ತಿರ ಎರಡು ಪಟ್ಟು. ಈ ಇಡೀ ಕಟ್ಟಡ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ಅದು ಸಿಗುವ ತನಕ ಫೀಟನ್ನು ಆಫ್ ಮಾಡಿಡಿ, ಅದಕ್ಕೆ ಸ್ವಿಚ್ ಇದೆ. ಟ್ರಿಪ್ ಅಟ್ಯಾಕ್‌ನಿಂದ ಎದುರಾಳಿ ಕೆಳಗೆ ಬಿದ್ದಾಗ ಮಾತ್ರ ಆನ್ ಮಾಡಿ ಬಾರಿಸಿ.

ಹಂತ 3: ಬಾರ್ಬೇರಿಯನ್ ಸೇರಿಸುವುದು

ಪಾತ್ರದ 6, 7, 8ನೇ ಲೆವೆಲ್. ಲೆವೆಲ್ ಏರಿಸುವ ಪರದೆಯಲ್ಲಿ ಹೊಸ ಕ್ಲಾಸ್ ಸೇರಿಸುವ ಗುಂಡಿ ಇದೆ. ಅದು ಕಾಣದಿದ್ದರೆ ನೀವು ಎಕ್ಸ್‌ಪ್ಲೋರರ್ ಮೋಡ್‌ನಲ್ಲಿದ್ದೀರಿ, ಅಲ್ಲಿ ಮಲ್ಟಿಕ್ಲಾಸ್ ಇಲ್ಲ, ಬ್ಯಾಲೆನ್ಸ್ಡ್‌ಗೆ ಬದಲಿಸಿಕೊಳ್ಳಿ. ಬಾರ್ಬೇರಿಯನ್ ಮೂರನೆಯದರಲ್ಲಿ ಬರ್ಸರ್ಕರ್ ಉಪಕ್ಲಾಸ್ ಆರಿಸಿ.

ಇಲ್ಲಿ ಕವಚ ಬದಲಿಸುವುದನ್ನು ಮರೆಯುವವರು ಜಾಸ್ತಿ. ಫೈಟರ್ ಆಗಿದ್ದಾಗ ಹೆವಿ ಆರ್ಮರ್ ತೊಟ್ಟಿರುತ್ತೀರಿ, ಅದನ್ನು ತೊಟ್ಟು ರೇಜ್‌ಗೆ ಹೋದರೆ ರೇಜ್‌ನ ಲಾಭವೇ ಇಲ್ಲ. ಮೀಡಿಯಂ ಆರ್ಮರ್‌ಗೆ ಇಳಿಯಿರಿ. ಅದಕ್ಕೆ ಡೆಕ್ಸ್‌ಟೆರಿಟಿಯಿಂದ ಸಾಮಾನ್ಯವಾಗಿ 2 ಸೇರುತ್ತದೆ, ಆ 2 ಬರುವುದು 14 ಇದ್ದರೆ. ರೆಕ್‌ಲೆಸ್ ಅಟ್ಯಾಕ್ ಮಾಡಿದಾಗ ಎದುರಾಳಿಗಳಿಗೂ ನಿಮ್ಮ ಮೇಲೆ ಎರಡು ದಾಳ ಸಿಗುತ್ತದೆ. ಆದರೆ ರೇಜ್‌ನಲ್ಲಿ ಕತ್ತಿ, ಕೊಡಲಿ, ಬಾಣದ ಏಟು ಅರ್ಧಕ್ಕೆ ಇಳಿಯುವುದರಿಂದ ತಡೆದುಕೊಳ್ಳಬಹುದು. ಬೆಂಕಿ, ಮಂತ್ರಕ್ಕೆ ಈ ರಕ್ಷಣೆ ಇಲ್ಲ. ಮಾಂತ್ರಿಕರು ಜಾಸ್ತಿ ಇರುವ ಕಡೆ ಕಣ್ಣುಮುಚ್ಚಿ ನುಗ್ಗಬೇಡಿ.

ಇನ್ನೊಂದು ಮಾತು. ಆಕ್ಷನ್ ಜೊತೆಗೆ ಸಿಗುವ ಚಿಕ್ಕ ಕೆಲಸ, ಅಂದರೆ ಬೋನಸ್ ಆಕ್ಷನ್, ಇರುವುದು ಸರದಿಗೆ ಒಂದೇ. ಆದರೆ ಅದನ್ನು ಕೇಳುವವರು ನಾಲ್ಕು ಜನ: ರೇಜ್, ಬರ್ಸರ್ಕರ್‌ನ ಹೆಚ್ಚುವರಿ ಏಟು ಫ್ರೆಂಜೀಡ್ ಸ್ಟ್ರೈಕ್, ಪ್ರಾಣ ಸ್ವಲ್ಪ ತುಂಬಿಸುವ ಫೈಟರ್‌ನ ಸೆಕೆಂಡ್ ವಿಂಡ್, ಮತ್ತೆ ಒಬ್ಬನನ್ನು ಕೊಂದಾಗ ಗ್ರೇಟ್ ವೆಪನ್ ಮಾಸ್ಟರ್ ಕೊಡುವ ಏಟು. ನನ್ನ ಕ್ರಮ ಹೀಗೆ. ಮೊದಲ ಸರದಿ ರೇಜ್. ಆಮೇಲೆ ಯಾರಾದರೂ ಸತ್ತರೆ ಫೀಟಿನ ಏಟು. ಯಾರೂ ಸಾಯದಿದ್ದರೆ ಮಾತ್ರ ಫ್ರೆಂಜೀಡ್ ಸ್ಟ್ರೈಕ್, ಯಾಕೆಂದರೆ ಅದನ್ನು ಬಳಸಿದಷ್ಟೂ ಗುರಿ ಒಂದೊಂದೇ ಅಂಕ ತಪ್ಪುತ್ತಾ ಹೋಗುತ್ತದೆ. ರೇಜ್‌ಗೆ ಹೋಗಿ ಹೊಡೆಯದೆ, ಏಟೂ ತಿನ್ನದೆ ಸುಮ್ಮನೆ ಓಡಾಡಿದರೆ ರೇಜ್ ಇಳಿದುಹೋಗುತ್ತದೆ, ಅದೂ ನೆನಪಿರಲಿ.

ಹಂತ 4: ಕೊನೆಯ ನಾಲ್ಕು

9ನೇ ಲೆವೆಲ್‌ಗೆ ಬಾರ್ಬೇರಿಯನ್ 4, ಫೀಟ್‌ನಲ್ಲಿ ಸ್ಟ್ರೆಂತ್ ಎರಡು ಏರಿಸಿ. ಆಮೇಲೆ ವಾಪಸ್ ಫೈಟರ್. ಬಾರ್ಬೇರಿಯನ್ 5 ಬೇಡವೇ ಬೇಡ. ಈ ಎರಡು ಕ್ಲಾಸಿನ ಎಕ್ಸ್‌ಟ್ರಾ ಅಟ್ಯಾಕ್ ಒಂದಕ್ಕೊಂದು ಸೇರುವುದಿಲ್ಲ. ಫೈಟರ್‌ಗೆ 6ರಲ್ಲೂ 8ರಲ್ಲೂ ಫೀಟ್ ಇರುವುದರಿಂದ ಕೊನೆಗೆ ನಾಲ್ಕು ಫೀಟ್ ಕೈಗೆ ಬರುತ್ತವೆ, ಬರೀ ಫೈಟರ್ ಆಗಿ 12 ಮುಟ್ಟಿದವನಿಗೂ ಅಷ್ಟೇ. ಕಳೆದುಕೊಳ್ಳುವುದು ಫೈಟರ್ 11ರಲ್ಲಿ ಬರುವ ಮೂರನೇ ಏಟು. ಅದು ದೊಡ್ಡದೇ. ಆದರೆ ಆಟದ ಬಹುಪಾಲು ಕಳೆಯುವುದು 11ಕ್ಕೆ ಮೊದಲು, ಹಾಗಾಗಿ ನಾನು ಈ ಕಡೆಯೇ.

ಅಡ್ಡದಾರಿಗಳ ಬಗ್ಗೆ: ಮದ್ದು ಮಾರುವ ಮುದುಕಿ ಆಂಟಿ ಎಥೆಲ್ ಹತ್ತಿರ ಹಿಲ್ ಜಯಂಟ್ ಎಲಿಕ್ಸರ್ ಎಂಬ ಮದ್ದು ಸಿಗುತ್ತದೆ, ಕುಡಿದರೆ ದೊಡ್ಡ ವಿಶ್ರಾಂತಿ ತನಕ ಸ್ಟ್ರೆಂತ್ 21. ಕೆಲಸ ಮಾಡುತ್ತದೆ. ಆದರೆ ಅದನ್ನೇ ನಂಬಿ ಸ್ಟ್ರೆಂತ್ 8 ಇಡಬೇಡಿ, ಬಾಟಲಿ ಖಾಲಿಯಾದ ದಿನ ಕತ್ತಿ ಎತ್ತುವುದೂ ಕಷ್ಟ. ಇನ್ನು ದುಡ್ಡು ಕೊಟ್ಟು ಬಿಲ್ಡ್ ಗೈಡ್ ಪಿಡಿಎಫ್ ತರಿಸಬೇಡಿ. ನಾನು ಒಮ್ಮೆ ತರಿಸಿದ್ದೆ, 12ನೇ ಲೆವೆಲ್‌ನ ಚಿತ್ರ ಮಾತ್ರ ಇತ್ತು, ಅಲ್ಲಿಗೆ ಹೋಗುವ ದಾರಿ ಇರಲಿಲ್ಲ.

ಈಗಾಗಲೇ ತಪ್ಪಾಗಿದ್ದರೆ ಆಟ ಮತ್ತೆ ಶುರು ಮಾಡಬೇಕಿಲ್ಲ. ಕ್ಯಾಂಪ್‌ನಲ್ಲಿರುವ ವಿದರ್ಸ್ ಎಂಬುವನಿಗೆ 100 ಚಿನ್ನ ಕೊಟ್ಟರೆ ನಿಮ್ಮ ಪಾತ್ರ ಒಂದನೇ ಲೆವೆಲ್‌ಗೆ ಇಳಿಯುತ್ತದೆ, ಗಳಿಸಿದ ಅನುಭವ ಹಾಗೇ ಇರುತ್ತದೆ, ಒಂದೊಂದಾಗಿ ಮತ್ತೆ ಆರಿಸಿಕೊಂಡು ಬರಬಹುದು. ತಂಡದ ಜೊತೆಗಾರರಾದ ಲೇಝೆಲ್, ಕಾರ್ಲಕ್‌ಗೂ ಇದನ್ನೇ ಮಾಡಿಸಬಹುದು. ಅವತ್ತು ಹುಡುಗನಿಗೆ ಫೈಟರ್ 5, ಬಾರ್ಬೇರಿಯನ್ 1 ಮಾಡಿಸಿದೆ. ಮಿನಟೋರ್ ಹತ್ತಿರ ಹೋಗಿ ರೇಜ್, ಎರಡು ಏಟು, ಆಕ್ಷನ್ ಸರ್ಜ್, ಮತ್ತೆರಡು ಏಟು. ನಾಲ್ಕನೆಯದಕ್ಕೆ ಅದು ನೆಲಕ್ಕೆ ಬಿತ್ತು. ಇನ್ನೊಂದರ ಕಡೆ ತಿರುಗುವ ಮೊದಲು ಅವನು ಸೇವ್ ಒತ್ತಿದ.